ಚಿಕ್ಕಮ್ಮನ ಕಿವಿಯ ಸದ್ದಿಗೆ ಉತ್ತರ

ಚಿಕ್ಕಮ್ಮ, ಹಿರಿಯೂರಿನಿಂದ ನೀವು ಗ್ರೂಪಿಗೆ ಹಾಕಿದ ವಾಯ್ಸ್ ಮೆಸೇಜ್ ಈಗ ಕೇಳಿದೆ. ಮಲಗಿದರೆ ಬಲಗಿವಿಯಲ್ಲಿ ಡಬ್ ಡಬ್ ಅನ್ನುತ್ತದೆ, ಕಿವಿ ನೋಡಿದ ಡಾಕ್ಟರ್ ಏನೂ ಇಲ್ಲ ಅಂದರು, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ ಚಿಕ್ಕಮ್ಮ. ಈ ಸದ್ದು ಎಣ್ಣೆಯಿಂದ ಹೋಗುವಂಥದ್ದಲ್ಲ. ಇದರ ಜೊತೆ ನಾನು ವರ್ಷಗಳಿಂದ ಬದುಕುತ್ತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ, ಪೂರ್ತಿ ಕೇಳಿ.

ಮೊದಲು ಒಂದು ಕೆಲಸ ಮಾಡಿ. ಸದ್ದು ಬಂದಾಗ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಎರಡೂ ಒಂದೇ ತಾಳದಲ್ಲಿ ಇವೆಯಾ? ಮೆಟ್ಟಿಲು ಹತ್ತಿದಾಗ ಸದ್ದೂ ಜೋರಾಗುತ್ತದೆಯಾ? ಹೌದಾದರೆ ಇದು ಸಾಮಾನ್ಯವಾಗಿ ಬರುವ, ಹೊರಗೆ ಸದ್ದಿಲ್ಲದೆ ಕಿವಿಯಲ್ಲಿ ಕುಂಯ್ ಅನ್ನುವ ಟಿನಿಟಸ್ ಅಲ್ಲ. ಇದಕ್ಕೆ ಪಲ್ಸಟೈಲ್ ಟಿನಿಟಸ್, ಅಂದರೆ ನಾಡಿಯ ತಾಳಕ್ಕೆ ಬಡಿಯುವ ಸದ್ದು, ಅಂತಾರೆ. ಟಿನಿಟಸ್ ಇರುವ 100 ಮಂದಿಯಲ್ಲಿ 10ಕ್ಕಿಂತ ಕಡಿಮೆ ಜನಕ್ಕೆ ಇರುವುದು ಇದು. ಕಿವಿ ಹತ್ತಿರದ ರಕ್ತನಾಳದಲ್ಲಿ ಹರಿಯುವ ರಕ್ತದ ಸದ್ದೇ ನಮಗೆ ಕೇಳುತ್ತಿರುತ್ತದೆ. ಹುಡುಕಿದರೆ ಎಷ್ಟೋ ಜನರಿಗೆ ಕಾರಣ ಸಿಗುತ್ತದೆ. ಸುಮ್ನೆ ವಯಸ್ಸಾಯ್ತು ಅಂತ ಬಿಡುವ ವಿಷಯ ಅಲ್ಲ.

ನನಗೆ ಪಂಪ್‌ಸೆಟ್ ಪೈಪಿನಲ್ಲಿ ನೀರು ನುಗ್ಗಿದ ಹಾಗೆ ಉಸ್ ಉಸ್ ಅನ್ನುತ್ತಿತ್ತು. ಹಗಲು ದಾವಣಗೆರೆಯ ಗಲಾಟೆಯಲ್ಲಿ ಗೊತ್ತಾಗುತ್ತಿರಲಿಲ್ಲ, ರಾತ್ರಿ ದಿಂಬಿಗೆ ಕಿವಿ ಕೊಟ್ಟರೆ ನಿದ್ದೆ ಇಲ್ಲ. ಮೊದಲು ತೋರಿಸಿದ ಕಡೆ ಗುಗ್ಗೆ ತೆಗೆದು ಮಾತ್ರೆ ಕೊಟ್ಟರು. ಕೇಳಿಸುವ ಟೆಸ್ಟ್ ಸರಿಯಾಗಿ ಬಂತು. ಮಾಮೂಲಿ ಎಂಆರ್‌ಐ ಕೂಡ ನಾರ್ಮಲ್. ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಅಂದುಬಿಟ್ಟರು. ಕೇಳಿಸುತ್ತಿರುವ ಸದ್ದನ್ನು ಯಾರೂ ನಂಬದಿದ್ದಾಗ ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಗೊತ್ತು ಚಿಕ್ಕಮ್ಮ. ನಿಮ್ಮ ದನಿಯಲ್ಲೂ ಅದೇ ಕೇಳಿಸಿತು.

ಆಮೇಲೆ ಸಿಕ್ಕ ಇಎನ್‌ಟಿ ಡಾಕ್ಟರಮ್ಮ ನನ್ನ ನಾಡಿ ಹಿಡಿದುಕೊಂಡು, ಸದ್ದು ಬಂದ ಹಾಗೆ ಬೆರಳಿನಿಂದ ಟೇಬಲ್ ತಟ್ಟಿ ಅಂದರು. ನನ್ನ ಬೆರಳು, ಅವರ ಕೈಯಲ್ಲಿದ್ದ ನಾಡಿ ಒಟ್ಟಿಗೇ ಬಿದ್ದವು. ಕಿವಿಯ ಹಿಂದೆ, ಕುತ್ತಿಗೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಕುತ್ತಿಗೆಯ ಬದಿಯನ್ನು ಮೆಲ್ಲಗೆ ಒತ್ತಿದಾಗ ಸದ್ದು ನಿಂತಿತು. ಅದರಿಂದ ಇದು ರಕ್ತ ವಾಪಸ್ ಇಳಿಸುವ ನಾಳದ್ದು ಅಂತ ಅವರಿಗೆ ಅನುಮಾನ ಬಂತು. (ನೀವು ಮನೆಯಲ್ಲಿ ಕುತ್ತಿಗೆ ಒತ್ತಿ ನೋಡಬೇಡಿ, ತಲೆ ಸುತ್ತಿ ಬೀಳಬಹುದು.) ರಕ್ತನಾಳಕ್ಕೇ ಅಂತ ಮಾಡುವ ಎಂಆರ್‌ವಿ, ಕಿವಿ ಮೂಳೆಯ ಸಿಟಿ ಬರೆದುಕೊಟ್ಟರು. ಕಿವಿಯ ಹಿಂದೆ ಮೆದುಳಿನಿಂದ ರಕ್ತ ಇಳಿಸುವ ಸಿಗ್ಮಾಯ್ಡ್ ಸೈನಸ್ ಅಂತ ದೊಡ್ಡ ನಾಳ ಇದೆ. ಅದನ್ನು ಮುಚ್ಚುವ ಮೂಳೆ ನನಗೆ ಒಂದು ಕಡೆ ಇಲ್ಲವೇ ಇಲ್ಲ. ಅದೇ ಸದ್ದಿಗೆ ಕಾರಣ. ಇದಕ್ಕೆ ಆಪರೇಷನ್ ಇದೆ, ಆದರೆ ಈ ಸದ್ದಿನಿಂದ ನನಗೆ ಅಪಾಯ ಇಲ್ಲ ಅಂದಿದ್ದಕ್ಕೆ ಸದ್ಯ ಬೇಡ ಅಂದಿದ್ದೇನೆ. ಫ್ಯಾನ್ ಹಾಕಿಕೊಂಡು, ಸದ್ದಿರುವ ಕಿವಿಯ ಕಡೆ ಮಗ್ಗುಲಾಗದೆ ಮಲಗುತ್ತೇನೆ. ಸದ್ದು ಹೋಗಿಲ್ಲ. ಆದರೆ ಏನು ಅಂತ ಗೊತ್ತಾದ ಮೇಲೆ ಹೆದರಿಕೆ ಹೋಯಿತು.

ನಿಮ್ಮದೂ ಇದೇ ಅಂತ ನಾನು ಹೇಳುವುದಿಲ್ಲ. ನೀವು ಸುಸ್ತು ಜಾಸ್ತಿ, ನಡೆದರೆ ಏದುಸಿರು ಅಂದಿರಿ ಅಲ್ವಾ? ರಕ್ತ ಕಡಿಮೆ ಇದ್ದರೂ ಹೀಗೆ ಕೇಳಿಸಬಹುದು, ಹೃದಯ ಜೋರಾಗಿ ದೂಡುತ್ತದಲ್ಲ. ಹಾಗಾಗಿ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಹೆಣ್ಣುಮಕ್ಕಳಿಗೆ 12ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಥೈರಾಯ್ಡ್, ಬಿಪಿ ಕೂಡ ನೋಡಿಸಿ. ತಲೆನೋವು ಇದ್ದರೆ, ಕಣ್ಣು ಆಗಾಗ ಮಂಜಾದರೆ ಮುಚ್ಚಿಡಬೇಡಿ, ತಲೆಯೊಳಗಿನ ಒತ್ತಡ ಹೆಚ್ಚಿದ್ದರೂ ಈ ಸದ್ದು ಬರುತ್ತದೆ. ಅದು ಕಣ್ಣಿನ ಡಾಕ್ಟರಿಗೆ ನರ ನೋಡಿದರೆ ತಿಳಿಯುತ್ತದೆ. ಬಾಯಿ ಸೊಟ್ಟಗಾದರೆ, ಕೈಕಾಲು ಬಲ ಕಳೆದುಕೊಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ನನಗೆ ಫೋನ್ ಆಮೇಲೆ ಮಾಡಿ.

ಡಾಕ್ಟರ ಹತ್ತಿರ ಕಿವಿಯಲ್ಲಿ ಸದ್ದು ಅಂತಷ್ಟೇ ಹೇಳಬೇಡಿ. ನಾಡಿ ಬಡಿದ ಹಾಗೇ ಬಡಿಯುತ್ತದೆ, ಒಂದೇ ಕಿವಿಯಲ್ಲಿ, ಅಂತ ಬಿಡಿಸಿ ಹೇಳಿ. ಸ್ಕ್ಯಾನ್ ಬರೆದರೆ ಆ ಚೀಟಿಯಲ್ಲೂ ಪಲ್ಸಟೈಲ್ ಅಂತ ಬರೆಸಿ, ಇಲ್ಲದಿದ್ದರೆ ಸ್ಕ್ಯಾನ್ ನೋಡುವವರು ಆ ನಾಳಗಳ ಕಡೆ ನೋಡದೇ ಬಿಡಬಹುದು.

ಸೋಮವಾರ ದಾವಣಗೆರೆಗೆ ಬಂದುಬಿಡಿ, ನಾನು ರಜೆ ಹಾಕುತ್ತೇನೆ. ಹಳೇ ರಿಪೋರ್ಟು, ನುಂಗುವ ಮಾತ್ರೆಗಳ ಶೀಟು ಎಲ್ಲ ತನ್ನಿ. ಕಣ್ಣಿನ ಡಾಕ್ಟರ್ ನರ ನೋಡಲು ಡ್ರಾಪ್ಸ್ ಹಾಕಿದರೆ ಸಂಜೆವರೆಗೂ ಮಂಜು ಇರುತ್ತದೆ, ಅವತ್ತೇ ಬಸ್ಸು ಹತ್ತುವುದು ಬೇಡ, ರಾತ್ರಿ ಇಲ್ಲೇ ಉಳಿಯಿರಿ.