ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಪ್ರಾರ್ಥನೆ: ಕ್ಯಾಥೊಲಿಕರು ಸಹಿ ಹಾಕಬೇಕಾ?

ಪ್ರಶ್ನೆ: ನಮಸ್ಕಾರ ವಕೀಲರೇ. ನಾವು ಮಂಗಳೂರಿನ ಕ್ಯಾಥೊಲಿಕರು, ಈಗ ಒಹಾಯೊದಲ್ಲಿದ್ದೇವೆ. ಮಗ ಓದುವ ಸರ್ಕಾರಿ ಶಾಲೆಯಲ್ಲಿ ಬೆಳಿಗ್ಗೆ ಮೈಕಿನಲ್ಲಿ ಪ್ರಾರ್ಥನೆ ಹೇಳಿಸಬೇಕು ಅಂತ ಕೆಲವು ಪೋಷಕರು ಸಹಿ ಸಂಗ್ರಹಿಸುತ್ತಿದ್ದಾರೆ. ಒಳ್ಳೆಯದೇ ಅಲ್ವಾ?

ಉತ್ತರ: ಮೇಡಂ, ಯಾರ ಪ್ರಾರ್ಥನೆ ಅಂತ ಮೊದಲು ಕೇಳಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರುವಾದರೂ ಕೊನೆಗೆ ಪ್ರಾಟೆಸ್ಟೆಂಟರು ‘ರಾಜ್ಯವೂ ಬಲವೂ ಮಹಿಮೆಯೂ’ ಸೇರಿಸುತ್ತಾರೆ, ನೀವು ಅದಕ್ಕೆ ಮುಂಚೆಯೇ ನಿಲ್ಲಿಸುತ್ತೀರಿ. ಸಣ್ಣ ವಿಷಯ ಅನ್ನಿಸಬಹುದು. 1859ರಲ್ಲಿ ಬಾಸ್ಟನ್‌ನ ಎಲಿಯಟ್ ಶಾಲೆಯಲ್ಲಿ ಥಾಮಸ್ ವಾಲ್ ಎಂಬ ಕ್ಯಾಥೊಲಿಕ್ ಹುಡುಗ ಹತ್ತು ಆಜ್ಞೆಗಳನ್ನು ಪ್ರಾಟೆಸ್ಟೆಂಟರ ಬೈಬಲಿನಲ್ಲಿರುವಂತೆ ಹೇಳಲು ಒಪ್ಪಲಿಲ್ಲ. ಅರ್ಧ ಗಂಟೆ ಅವನ ಕೈಗೆ ಬೆತ್ತದೇಟು ಬಿತ್ತು. ಅದಕ್ಕೂ ಮೊದಲು, 1844ರಲ್ಲಿ, ಶಾಲೆಯಲ್ಲಿ ಯಾರ ಬೈಬಲ್ ಓದಿಸಬೇಕು ಎಂಬ ಜಗಳ ಹೊತ್ತಿಕೊಂಡು ಫಿಲಡೆಲ್ಫಿಯಾದಲ್ಲಿ ಎರಡು ಕ್ಯಾಥೊಲಿಕ್ ಚರ್ಚುಗಳನ್ನು ಸುಟ್ಟರು. 1890ರಲ್ಲಿ ವಿಸ್ಕಾನ್ಸಿನ್‌ನ ಎಡ್ಜರ್ಟನ್ ಊರಿನ ಕ್ಯಾಥೊಲಿಕ್ ಪೋಷಕರೇ ಕೇಸು ಹಾಕಿ ಶಾಲೆಯಲ್ಲಿ ಬೈಬಲ್ ಓದಿಸುವುದನ್ನು ನಿಲ್ಲಿಸಿದರು.

ಇನ್ನೊಬ್ಬರು: ಸರ್, ಶಾಲೆಯ ಪ್ರಾರ್ಥನೆ ರದ್ದು ಮಾಡಿದ 1962ರ ತೀರ್ಪನ್ನು ಕ್ಯಾಥೊಲಿಕರ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳೇ ವಿರೋಧಿಸಿದರಲ್ಲ?

ಉತ್ತರ: ವಿರೋಧಿಸಿದ್ದು ನಿಜ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ಬರೆದ 22 ಇಂಗ್ಲಿಷ್ ಪದಗಳ ಪ್ರಾರ್ಥನೆಯನ್ನು ಸುಪ್ರೀಂ ಕೋರ್ಟ್ ‘ಎಂಗಲ್’ ಕೇಸಿನಲ್ಲಿ ರದ್ದು ಮಾಡಿತು. ಕಾರ್ಡಿನಲ್ ಸ್ಪೆಲ್‌ಮನ್ ಕಿಡಿಕಾರಿದರು. ಅಧ್ಯಕ್ಷ ಕೆನಡಿಯೂ ಕ್ಯಾಥೊಲಿಕರೇ. ಅವರು ಮಾತ್ರ, ಮನೆಯಲ್ಲಿ ಇನ್ನೂ ಜಾಸ್ತಿ ಪ್ರಾರ್ಥಿಸೋಣ ಅಂದರು. ಮರುವರ್ಷ ಅದೇ ಕೋರ್ಟಿನ ಇನ್ನೊಂದು ತೀರ್ಪು ದೇಶದ ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಓದಿಸುವುದನ್ನೂ ತಡೆಯಿತು. ಆಗ ಕೋರ್ಟಿನಲ್ಲಿದ್ದ ಒಬ್ಬನೇ ಕ್ಯಾಥೊಲಿಕ್ ನ್ಯಾಯಮೂರ್ತಿ ಬ್ರೆನನ್. ಅವರು ಆ ತೀರ್ಪಿಗೆ ಒಪ್ಪಿ ಪುಟಗಟ್ಟಲೆ ಬರೆದರು. ನನ್ನ ಒಲವು ಕೆನಡಿ ಕಡೆಗೆ. ಸರ್ಕಾರ ಬರೆಸಿದ ಪ್ರಾರ್ಥನೆಯಲ್ಲಿ ಯಾರಿಗೂ ನೋವಾಗದ ಸಪ್ಪೆ ಮಾತು ಮಾತ್ರ ಉಳಿಯುತ್ತದೆ.

ಪ್ರಶ್ನೆ: ಹಾಗಾದರೆ ಮಗ ಊಟದ ಡಬ್ಬಿ ಬಿಚ್ಚುವಾಗ ಶಿಲುಬೆ ಗುರುತು ಮಾಡುವುದೂ ತಪ್ಪಾ?

ಉತ್ತರ: ಖಂಡಿತ ಇಲ್ಲ, ಅದು ಅವನ ಹಕ್ಕು. ಬಿಡುವಿನಲ್ಲಿ ಗೆಳೆಯರ ಜೊತೆ ಜಪಮಾಲೆ ಹೇಳಲಿ, ಯಾರೂ ತಡೆಯುವಂತಿಲ್ಲ. 2022ರಲ್ಲಿ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ್ದನ್ನೂ ಕೋರ್ಟ್ 6-3ರಲ್ಲಿ ಎತ್ತಿಹಿಡಿಯಿತು. ಆದರೆ ಶಾಲೆಯ ಮೈಕಿನ ಮಾತು ಬೇರೆ. ಟೆಕ್ಸಾಸ್‌ನ ಸಾಂಟಾ ಫೆಯಲ್ಲಿ ಪಂದ್ಯಕ್ಕೆ ಮುಂಚೆ ವಿದ್ಯಾರ್ಥಿಯೊಬ್ಬರಿಂದ ಮೈಕಿನಲ್ಲಿ ಹೇಳಿಸುತ್ತಿದ್ದ ಪ್ರಾರ್ಥನೆಯನ್ನು 2000ರಲ್ಲಿ ಅದೇ ಕೋರ್ಟ್ ತಡೆಯಿತು. ಹೆಸರು ಮುಚ್ಚಿಟ್ಟು ಆ ಕೇಸು ಹಾಕಿದ್ದು ಎರಡು ಕುಟುಂಬ. ಒಂದು ಮಾರ್ಮನ್, ಇನ್ನೊಂದು ಕ್ಯಾಥೊಲಿಕ್. ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ.