ಅಪ್‌ಡೇಟ್: ನೈರೋಬಿಯ ಮಕ್ಕಳ ಕನ್ನಡ

ಮೂರು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ತಂಗಿ, ಅವಳ ಗಂಡ ನೈರೋಬಿಯಲ್ಲಿ ಮಿಷನರಿಗಳು. ಐದು ಮತ್ತು ಮೂರು ವರ್ಷದ ಮಕ್ಕಳಿಗೆ ಇಂಗ್ಲಿಷ್, ಸ್ವಾಹಿಲಿ ಮಾತ್ರ ಬರುತ್ತದೆ. ಪುಣೆಯಲ್ಲಿ ನನ್ನ ಜೊತೆ ಇರುವ ಅಮ್ಮನಿಗೆ ಒಂದೂ ಅರ್ಥವಾಗುವುದಿಲ್ಲ, ಏನು ಮಾಡಲಿ ಅಂತ.

ನೀವು ಹೇಳಿದ ಹಾಗೆ ಅಕ್ಷರ ಪಾಠ ಬಿಟ್ಟೆವು. ಈಗ ಸುಮ್ನೆ ದಿನಾ ವಿಡಿಯೊ ಕಾಲ್. ಅವರು ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮ ರಾತ್ರಿ ಒಂಬತ್ತೂವರೆ ಅಂದರೆ ಅವರಿಗೆ ಏಳು, ಊಟದ ಹೊತ್ತು. ಅಮ್ಮ ನಿದ್ದೆ ತಡೆದು ಕೂರುತ್ತಾರೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಒಂದೊಂದೇ ಸಾಲು ಹೇಳಿಸುತ್ತಾರೆ.

ಮೊನ್ನೆ ದೊಡ್ಡವಳು ತಟ್ಟೆಯನ್ನು ಫೋನಿಗೆ ಹತ್ತಿರ ಹಿಡಿದಳು. ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಪಕ್ಕದಲ್ಲಿ ಸೊಪ್ಪಿನ ಪಲ್ಯ. "ಅಜ್ಜೀ, ಬಿಳಿ ಮುದ್ದೆ!" ಅಂದಳು. ಅಮ್ಮ ಅತ್ತೇಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, "ಅಗಿಯಬೇಡ ಪುಟ್ಟಿ, ಹಾಗೇ ನುಂಗು" ಅಂತ ಹೇಳಿಕೊಟ್ಟರು.

ಚಿಕ್ಕವನು ಇನ್ನೂ ನೀರಿಗೆ ಸ್ವಾಹಿಲಿಯಲ್ಲೇ 'ಮಾಜಿ' ಅನ್ನುತ್ತಾನೆ. ಅಮ್ಮನೂ ಆ ಮಾತು ಕಲಿತಿದ್ದಾರೆ.

ಮಕ್ಕಳನ್ನು ಪುಣೆಯಲ್ಲೇ ಬಿಡಿ ಅಂದಿರಲ್ವಾ, ಅದು ಮಾತ್ರ ಬೇಡ. ಕೇರಳದಲ್ಲಿದ್ದ ಜರ್ಮನ್ ಮಿಷನರಿ ಹರ್ಮನ್ ಗುಂಡರ್ಟ್ ಅವರ ಮಗಳು 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತೀರಾ ಚಿಕ್ಕವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದಿದ್ದರು. ಓದಿದಾಗ ಹೊಟ್ಟೆ ಚುರುಕ್ ಅಂದಿತು. ನಮ್ಮ ಮಕ್ಕಳು ಅಪ್ಪ ಅಮ್ಮನ ಹತ್ತಿರವೇ ಇರಲಿ.

ಕ್ರಿಸ್‌ಮಸ್‌ಗೆ ಬರುತ್ತಾರೆ. ಅಮ್ಮ ಈಗಲೇ ಊರಿಂದ ರಾಗಿ ತರಿಸಿದ್ದಾರೆ.