4×5ಗೆ ಕನ್ವರ್ಟಿಬಲ್ ಸಿಮ್ಮಾರ್ ಸಾಕಾ, ಬೇರೆ ಬೇರೆ ಲೆನ್ಸೇ ಬೇಕಾ? ಬಳಸಿದೋರು ಹೇಳಿ

ಮಲ್ನಾಡ್_ನೆಗೆಟಿವ್:
ಎಲ್ರಿಗೂ ನಮಸ್ಕಾರ. ಮರದ 4×5 ಇಂಚು ಶೀಟ್ ಫಿಲ್ಮಿನ ಫೀಲ್ಡ್ ಕ್ಯಾಮೆರಾ ಇದೆ, ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ) ಪೂರ್ತಿ ಎಳೆದ್ರೆ 300 ಎಂಎಂ ಹತ್ರ ಬರತ್ತೆ, ಅದಕ್ಕಿಂತ ಹೆಚ್ಚಿಲ್ಲ. ಈಗ ಹಾಕ್ಕೊಂಡಿರೋ 150 ಎಂಎಂ ಲೆನ್ಸ್ ಗೆಳೆಯನ್ದು, ವಾಪಸ್ ಕೊಡ್ಬೇಕು. ಬೇಲೂರು, ಅಮೃತಪುರ ಕಡೆ ಹೊಯ್ಸಳ ಗುಡಿಗಳು, ಜೊತೆಗೆ ಕೊಡಚಾದ್ರಿ ಕಡೆ ಸ್ವಲ್ಪ ಲ್ಯಾಂಡ್‌ಸ್ಕೇಪ್, ಬರೀ ಬ್ಲಾಕ್ ಅಂಡ್ ವೈಟ್. ಒಬ್ರ ಹತ್ರ ಹಳೇ ಶ್ನೈಡರ್ ಸಿಮ್ಮಾರ್ 150/265 ಇದೆ, ಕನ್ವರ್ಟಿಬಲ್, ಅಂದ್ರೆ ಪೂರ್ತಿ ಹಾಕಿದ್ರೆ 150, ಮುಂದಿನ ಸೆಲ್ (ಗಾಜಿನ ಜೋಡಣೆ) ತೆಗೆದ್ರೆ 265, 28 ಸಾವಿರ ಹೇಳ್ತಿದಾರೆ. ಬೇಡ, ಒಂದು ಸಾದಾ 150 ಜೊತೆಗೆ 240 ಇಲ್ಲಾ 300 ಬೇರೆ ತಗೋ ಅಂತ ಗೆಳೆಯ, ಅದು 70 ದಾಟತ್ತೆ. ಬಜೆಟ್ 60. ಯಾವ್ದು ಮಾಡ್ಲಿ?

ಹಳೇಗಾಜು_ಮೈಸೂರು:
ಕಣ್ಮುಚ್ಕೊಂಡು ತಗೊಳ್ಳಿ. ನಂದು ಸಿಮ್ಮಾರ್ 210/370, ಸಿಂಕ್ರೋ ಕಾಂಪುರ್ ಶಟರ್. ಲೆನ್ಸಿಗೆ 31,000, ಕೊರಿಯರ್ 4,200, ಡ್ಯೂಟಿ ಗೀಟಿ ಎಲ್ಲ ಸೇರಿ 13,000, ಬಂದ್ಮೇಲೆ ನೋಡಿದ್ರೆ ಸ್ಲೋ ಸ್ಪೀಡ್ ಎಲ್ಲ ಎಳೀತಾ ಇತ್ತು, 1 ಸೆಕೆಂಡ್ ಇಟ್ರೆ ಎರಡೂವರೆ ಸೆಕೆಂಡ್ ತೆರ್ಕೊಂಡೇ ಇರೋದು, ಅದನ್ನ ಬಿಚ್ಚಿಸಿ ತೊಳೆಸಿದ್ದಕ್ಕೆ 5,500, ಲೆನ್ಸ್ ಬೋರ್ಡಿಗೆ ತೂತು ಕೊರೆಸಿದ್ದು ಲೇತ್‌ನಲ್ಲಿ 600. ಒಟ್ಟು 54,300. ಒಂದೊಂದ್ ರಸೀದೀನೂ ಇಟ್ಟಿದೀನಿ, ಮನೇಲಿ ಕೇಳ್ತಾರಲ್ಲ. ಇದೇ ದುಡ್ಡಿಗೆ ಒಂದು 210 ಒಂದು 360 ಬೇರೆ ಬೇರೆ ಬರತ್ತಾ? 360 ಎಫ್/6.8 ಅಂದ್ರೆ ಕಾಪಾಲ್ 3 ಅನ್ನೋ ದೊಡ್ಡ ಸೈಜಿನ ಶಟರು, ಅದಕ್ಕೆ ಬೋರ್ಡಲ್ಲಿ ಕೊರೆಯೋ ತೂತೇ 65 ಎಂಎಂ, ಗಾಜು ನೋಡಿದ್ರೆ ಭಯ ಆಗತ್ತೆ, ಚಿಕ್ಕ ಕ್ಯಾಮೆರಾದ ಮುಂದಿನ ಸ್ಟ್ಯಾಂಡರ್ಡ್ (ಲೆನ್ಸ್ ಹಿಡಿಯೋ ಚೌಕಟ್ಟು) ತಲೆ ತಗ್ಗಿಸ್ಬಿಡತ್ತೆ. ನಂದು ಮುಂದಿನ ಸೆಲ್ ತಿರುಗಿಸಿ ತೆಗೆದು ಜೇಬಿಗೆ ಹಾಕ್ಕೊಂಡ್ರೆ 370 ರೆಡಿ. ಕೆ2 ಹಳದಿ ಫಿಲ್ಟರ್ ಹಾಕಿ, ಎಫ್/32ಗೆ ಇಳಿಸಿ (ಲೆನ್ಸಿನ ತೂತು ಕಿರಿದು ಮಾಡಿ), 16×20 ಪ್ರಿಂಟ್ ಹಾಕಿದೀನಿ, ಯಾವ್ದು 210 ಯಾವ್ದು 370 ಅಂತ ನೋಡಿದೋರು ಯಾರೂ ಹೇಳಿಲ್ಲ. ಸಿನಾರ್ ಮೋನೋರೈಲ್ ಕ್ಯಾಮೆರಾ ಇದೆ ನಂಗೆ, ಬೆಲ್ಲೋಸ್ ಚಿಂತೆ ಇಲ್ಲ.

ಬ್ರೋಮೈಡ್_ಧಾರವಾಡ:
ಹಿಂಗ ಹೇಳಿ ಹೇಳಿನ ನಮ್ಮಂಥಾವ್ರ ರೊಕ್ಕಾ ನೀರಾಗ ಹಾಕ್ಸೀರಿ ನೀವು. ನನ್ ಕಡೆ 180/315 ಇತ್ತು. ಕೂಡಿಸಿ ಹಾಕಿದಾಗ 180, ಬಂಗಾರದಂಥಾ ಲೆನ್ಸ್, ಅದರಾಗ ಎರಡು ಮಾತಿಲ್ಲ. ಮುಂದಿನ ಸೆಲ್ ತಗದ್ರ ಶುರುವಾತು ನೋಡ್ರಿ. ಎಫ್/12ಕ್ಕ ಗ್ರೌಂಡ್ ಗ್ಲಾಸಿನ (ಫೋಕಸ್ ನೋಡೂ ಮಬ್ಬು ಗಾಜು) ಮ್ಯಾಲೆ ಎಲ್ಲಾ ಹಾಲು ಚೆಲ್ಲಿಧಂಗ, ಲೂಪ್ ಹಚ್ಚಿ ಕಣ್ಣು ನೋಯೋತನಕ ಫೋಕಸ್ ಮಾಡಿ, ಎಫ್/22ಕ್ಕ ಇಳಿಸಿದ್ರ ಫೋಕಸ್ ಸರದು ಬ್ಯಾರೆ ಕಡೆ ಹೋಗಿರ್ತದ. ಅಂದ್ರ ಇಳಿಸಿದ ಮ್ಯಾಲೇ ಫೋಕಸ್ ಮಾಡಬೇಕು, ಆ ಕತ್ತಲ್ಯಾಗ ಗುಡಿ ಒಳಗ ಏನ್ ಕಾಣ್ತದ್ರಿ? ಲಕ್ಕುಂಡಿ ಕಾಶಿವಿಶ್ವೇಶ್ವರದ ಬಾಗಲವಾಡ ತಗದೆ, ಚೌಕಟ್ಟಿನ ನೆಟ್ಟನ ಗೆರಿ ಅಂಚಿಗೆ ಹೋದಂಗ ಹೊಟ್ಟಿ ಬಿಟ್ಟಾವ. ಎರಡೂ ಸೆಲ್ ಇದ್ದಾಗ ಒಂದರ ದೋಷ ಒಂದು ಕಡೀತದ, ಒಂದ ತಗದ್ರ ಆ ಹೊಂದಾಣಿಕೀನ ಹೋತಲ್ರಿ, ಡಿಸ್ಟಾರ್ಷನ್ನೂ ಬಂತು, ಅಂಚಿನ್ಯಾಗ ಬಣ್ಣ ಒಡಿಯೂದೂ ಬಂತು. 26 ಸಾವಿರಕ್ಕ ತಗೊಂಡಿದ್ದು, ಮಾರುಮುಂದ 17 ಬಂತು. 9 ಸಾವಿರ ಹೋತು, ಹಾಳಾದ ಶೀಟ್ ಬ್ಯಾರೆ, ಒಂದು ಶೀಟ್ ಕೈಗೆ ಬರೂತನಕ 250ರ ಮ್ಯಾಲೆ ಬೀಳ್ತದ ಈಗ. ಆಮ್ಯಾಲೆ ನಿಕ್ಕರ್-ಎಂ 300 ಎಫ್/9 ತಗೊಂಡೆ, 44 ಸಾವಿರ. 52 ಎಂಎಂ ಫಿಲ್ಟರ್, ಕಾಪಾಲ್ 1, ಅಂಗೈಯಾಗ ಕೂಡ್ತದ, ತೂಕ 290 ಗ್ರಾಂ. ಕೊಟ್ಟ ಒಂದೊಂದು ರೂಪಾಯಿಗೂ ಬೆಲಿ ಐತಿ. 360 ಎಫ್/6.8 ತೋರ್ಸಿ ಹೆದರ್ಸಬ್ಯಾಡ್ರಿ ಮೈಸೂರವ್ರ, ಎಫ್/9 ಲೆನ್ಸ್ ಅಂತ ಒಂದು ಜಾತಿ ಐತಿ ಲೋಕದಾಗ.

ಹಳೇಗಾಜು_ಮೈಸೂರು:
ಸ್ವಾಮಿ, ಗುಡಿ ಬಾಗಿಲಿಗೆ ಸಿಂಗಲ್ ಸೆಲ್ ಹಾಕಿ ಅಂತ ನಿಮಗೆ ಯಾರ್ ಹೇಳಿದ್ದು? ಅದು ಬೆಟ್ಟಕ್ಕೆ, ಮರಕ್ಕೆ, ಮುಖಕ್ಕೆ. ಎಫ್/12ಲ್ಲಿ ಒಂದು ಪೋರ್ಟ್ರೇಟ್ ತೆಗೆದು ನೋಡಿ, ಆ ಚರ್ಮದ ಮೆದು ನಿಮ್ಮ 300ಕ್ಕೆ ಜನ್ಮದಲ್ಲಿ ಬರಲ್ಲ.

ಬ್ರೋಮೈಡ್_ಧಾರವಾಡ:
ಕೇಳಿದಾವ್ರು ಹೊಯ್ಸಳ ಗುಡಿ ಅಂದಾರ. ಓದ್ರಿ ಮೊದಲ.

ಕುಡ್ಲ_ಪ್ಲೇಟ್:
ಮಾರಾಯ್ರೆ, ನೀವು ಶಾರ್ಪ್ ಸಾಫ್ಟ್ ಅಂತ ಜಗಳ ಮಾಡುವುದು, ಇಲ್ಲಿ ಒಂದು ಮಳೆಗಾಲ ಕಳೆದು ನೋಡಿ. ನನ್ನ ಸಿಮ್ಮಾರ್ 150ರ ಹಿಂದಿನ ಸೆಲ್‌ಗೆ ಫಂಗಸ್ ಬಂತು. ಬೇರೆ ಲೆನ್ಸ್ ಆದ್ರೆ ಒಂದು ಹೋದ್ರೆ ಇನ್ನೊಂದು ಉಂಟು, ಇದರಲ್ಲಿ ಹಿಂದಿನ ಸೆಲ್ ಹೋದ್ರೆ 150ನೂ ಹೋಯ್ತು 265ನೂ ಹೋಯ್ತು. ಶಟರೂ ಹಾಗೇ, ಒಂದೇ ಶಟರ್, ಅದು ಕೈ ಕೊಟ್ರೆ ಚೀಲದಲ್ಲಿ ಏನೂ ಇಲ್ಲ. ಕ್ಲೀನ್ ಮಾಡ್ಲಿಕ್ಕೆ ಒಬ್ಬರಿಗೆ ಕೊಟ್ಟೆ, 3,500 ತಗೊಂಡ್ರು, ಫಂಗಸ್ ಹೋಯ್ತು, ಕೋಟಿಂಗೂ ಜೊತೆಗೇ ಹೋಯ್ತು, ಬಳ್ಳಿ ಬಳ್ಳಿ ಗುರುತು ಗಾಜಿನ ಮೇಲೆ ಈಗಲೂ ಉಂಟು. ಎದುರು ಬೆಳಕಿಗೆ ಹಿಡಿದ್ರೆ ಫೋಟೋ ಪೂರಾ ಬೂದಿ ಬಣ್ಣ. ಡ್ರೈ ಕ್ಯಾಬಿನೆಟ್ 9,800, ಅದನ್ನು ಲೆನ್ಸಿಗಿಂತ ಮೊದಲು ತಗೊಳ್ಳಿ. ಮತ್ತೆ ಇನ್ನೊಂದು ಯಾರೂ ಹೇಳುದಿಲ್ಲ, ಮುಂದಿನ ಸೆಲ್ ತೆಗೆದ್ರೆ ಶಟರ್ ಎಲೆಗಳು ಬಯಲಿಗೆ. ಪಣಂಬೂರು ಬೀಚಲ್ಲಿ ಗಾಳಿಗೆ ಹೊಯಿಗೆ ಒಳಗೆ ಹೋಗಿ ಕರಕರ ಶಬ್ದ. ಆ ಜಾಗಕ್ಕೆ ಫಿಲ್ಟರ್ ಕೂರಿಸುವ ರಿಂಗ್ ಮಾಡ್ಸಿದ್ದೇನೆ, 850 ಆಯ್ತು.

ನ್ಯೂಮೆಕ್ಸಿಕೋ_ಗೌಡ್ರು:
ಕನ್ವರ್ಟಿಬಲ್ ಅಂದ್ರೆ ಬರೀ ಸಿಮ್ಮಾರ್ ಅನ್ಕೊಂಡಿದೀರಲ್ಲ. ಅಮೆರಿಕಾದ ಫೋಟೋಗ್ರಾಫರ್ ಆನ್ಸಲ್ ಆಡಮ್ಸ್ 1941 ನವೆಂಬರ್‌ನಲ್ಲಿ ನ್ಯೂಮೆಕ್ಸಿಕೋದ ಹರ್ನಾಂಡೆಜ್ ಊರ ಮೇಲೆ ಚಂದ್ರ ಹುಟ್ಟಿದ್ದು ತೆಗೆದ್ರಲ್ಲ, ಅದು ಕುಕ್ ಸೀರೀಸ್ 15 ಟ್ರಿಪಲ್ ಕನ್ವರ್ಟಿಬಲ್, ಅದರದ್ದೂ ಬರೀ 23 ಇಂಚಿನ ಒಂದು ಸೆಲ್ಲು! ಜಿ ಫಿಲ್ಟರ್ (ಗಾಢ ಹಳದಿ), ಎಫ್/32, 1 ಸೆಕೆಂಡ್. ಲೈಟ್ ಮೀಟರ್ ಕೈಗೆ ಸಿಗ್ದೆ ಚಂದ್ರನ ಬೆಳಕಿನ ಲೆಕ್ಕದ ಮೇಲೆ ಎಕ್ಸ್‌ಪೋಸ್ ಮಾಡಿದ್ದು. ಒಂದು ಸೆಲ್ಲಿಂದ ಆಗಲ್ಲ ಅನ್ನೋರು ಆ ಪ್ರಿಂಟ್ ನೋಡಿ ಬಂದು ಮಾತಾಡಿ. ನಾನಿರೋ ಕಡೆಯಿಂದ ಆ ಊರಿಗೆ ಕಾರಲ್ಲಿ ಹೋಗ್ಬರ್ಬೋದು, ಹೋಗಿದೀನಿ, ಈಗ ಅಲ್ಲಿ ನಿಂತ್ರೆ ಆ ಫ್ರೇಮ್ ಸಿಗಲ್ಲ ಬಿಡಿ.
ನಂದು ಟರ್ನರ್-ರೈಶ್ 12-21-28 ಇಂಚು, 8×10 ಡಿಯರ್‌ಡಾರ್ಫ್ ಕ್ಯಾಮೆರಾ ಮೇಲೆ. 425 ಡಾಲರ್. ಈ ಲೆನ್ಸಲ್ಲಿ ಒಂದೊಂದ್ ಸೆಲ್ಲಿಗೆ ಐದೈದು ಗಾಜು ಅಂಟ್ಸಿರ್ತಾರೆ, ನೂರು ವರ್ಷ ಆದ್ಮೇಲೆ ಅಂಟು ಬಿಡತ್ತೆ, ಅಂಚಲ್ಲಿ ಕಾಮನಬಿಲ್ಲು ಕಾಣ್ಸತ್ತೆ. ಬಿಚ್ಚಿ ಮತ್ತೆ ಅಂಟ್ಸೋಕೆ ಕೇಳಿದ್ರೆ 380 ಡಾಲರ್ ಅಂದ್ರು, ಒಂದು ಸೆಲ್ಲಿಗೆ. ಮಾಡ್ಸಿಲ್ಲ, ಎಫ್/45ಕ್ಕೆ ಇಳಿಸಿದ್ರೆ ಕಾಣಲ್ಲ. 21 ತನಕ ಸಲೀಸು, 28ಕ್ಕೆ ಬೆಲ್ಲೋಸ್ ಕೊನೇ ಹಲ್ಲಿಗೆ ಬಂದು ನಿಲ್ಲತ್ತೆ, ಗಾಳಿ ಬಂದ್ರೆ ಕ್ಯಾಮೆರಾ ತೊಟ್ಟಿಲು.

ಬ್ರೋಮೈಡ್_ಧಾರವಾಡ:
ಆನ್ಸಲ್ ಆಡಮ್ಸ್ ಬಂದ್ರಪಾ, ಇನ್ನೂ ಯಾಕ ಬಂದಿಲ್ಲ ಅನ್ಕೊಂಡಿದ್ದೆ. ಗೌಡ್ರ, ಅದು 8×10. 16×20 ಮಾಡಿದ್ರ ಎರಡು ಪಟ್ಟು ಹಿಗ್ಗಸೂದು ಅಷ್ಟ. ಇವ್ರದು 4×5, ಅದ ಪ್ರಿಂಟಿಗೆ ನಾಕು ಪಟ್ಟು. ಲೆನ್ಸಿನ ದೋಷನೂ ನಾಕು ಪಟ್ಟು ಹಿಗ್ತದ. ಅಮೆರಿಕಾದಾಗ ಕುಂತು ಡಿಯರ್‌ಡಾರ್ಫ್ ಮ್ಯಾಲೆ ತಗದು ಇಲ್ಲಿ ಹುಡುಗನಿಗೆ ಬುದ್ಧಿ ಹೇಳಬ್ಯಾಡ್ರಿ.

ನ್ಯೂಮೆಕ್ಸಿಕೋ_ಗೌಡ್ರು:
ಅಮೆರಿಕಾ ಯಾಕ್ ಬಂತು ಇಲ್ಲಿ? ಮಂಡ್ಯದಲ್ಲೇ ಸ್ಟುಡಿಯೋ ಡಾರ್ಕ್‌ರೂಮಲ್ಲಿ ಟ್ರೇ ಅಲ್ಲಾಡ್ಸಿ ಬಂದೋನು ನಾನು. ಕೂಲಾಗಿ ಮಾತಾಡಿ.

ಲೆಕ್ಕದ_ಮೇಷ್ಟ್ರು:
ಎಲ್ಲರೂ ಒಂದು ವಿಷಯ ಬಿಡ್ತಿದೀರಿ. ಕೊಳ್ಳೋ ಮುಂಚೆ ಶಟರ್ ಮೇಲೆ ಎರಡು ಎಫ್-ನಂಬರ್ ಸ್ಕೇಲ್ ಇದೆಯಾ ನೋಡಿ, 150ಕ್ಕೆ ಬಿಳಿ, 265ಕ್ಕೆ ಹಸಿರು. ಹಳೇ ಕಾಂಪುರ್ ಕೆಟ್ಟೋಗಿ ಬೇರೆ ಯಾವ್ದೋ ಲೆನ್ಸಿನ ಶಟರ್ ಹಾಕಿ ಮಾರೋರು ತುಂಬಾ ಜನ, ಹಸಿರು ಸ್ಕೇಲ್ ಇರಲ್ಲ. ಆಗ ಕೆಲವರು ತಾವೇ ಲೆಕ್ಕ ಹಾಕ್ತಾರೆ: 5.6ನ್ನ 265ರಿಂದ ಗುಣಿಸಿ 150ರಿಂದ ಭಾಗಿಸಿದ್ರೆ 9.9. ತಪ್ಪು. ಲೆನ್ಸ್ ಮೇಲೆ ಕೆತ್ತಿರೋದು 12. ಯಾಕಂದ್ರೆ ಮುಂದಿನ ಸೆಲ್ ಇದ್ದಾಗ ಅದೊಂದು ಭೂತಗನ್ನಡಿ, ಅದರ ಮೂಲಕ ಡಯಾಫ್ರಮ್ ತೂತು ಇರೋದಕ್ಕಿಂತ ದೊಡ್ಡದಾಗಿ ಕಾಣತ್ತೆ, ಸುಮಾರು 27 ಎಂಎಂ. ಸೆಲ್ ತೆಗೆದ ಮೇಲೆ ತೂತಿನ ನಿಜವಾದ ಅಳತೆ, 22 ಎಂಎಂ ಅಷ್ಟೇ. 9.9 ನಂಬಿದ್ರೆ ಪ್ರತಿ ಶೀಟೂ ಅರ್ಧ ಸ್ಟಾಪ್ ಅಂಡರ್, ಅಂದ್ರೆ ಬೆಳಕು ಕಮ್ಮಿ ಬಿದ್ದಿರತ್ತೆ. ಇದರ ಮೇಲೆ ಹಳದಿ ಫಿಲ್ಟರಿಗೆ ಒಂದು ಸ್ಟಾಪ್ ಬೇರೆ.
ಇನ್ನು ಮುಖ್ಯವಾದದ್ದು. 265 ಅಂದ್ರೆ 265 ಎಂಎಂ ಬೆಲ್ಲೋಸ್ ಸಾಕು ಅನ್ಕೋಬೇಡಿ. ಒಂಟಿ ಸೆಲ್ ಶಟರ್ ಹಿಂದೆ ಕೂತಿರತ್ತೆ, ಅದಕ್ಕೆ ಫೋಕಲ್ ಲೆಂತಿಗಿಂತ ಜಾಸ್ತಿನೇ ಎಳೀಬೇಕು, ಅನಂತ ದೂರಕ್ಕೇ. ನಿಮ್ಮ 300ರಲ್ಲಿ ದೂರದ ಬೆಟ್ಟ ಸಿಕ್ಕಿದ್ರೆ ಪುಣ್ಯ, ಹತ್ತಿರದ ಶಿಲ್ಪ ಅಂತೂ ಮರೆತುಬಿಡಿ.

ಟೆಲಿ_ತಮ್ಮಯ್ಯ:
ಬೆಲ್ಲೋಸ್ ಕಮ್ಮಿ ಇದ್ರೆ ಟೆಲಿ ತಗೊಳಪ್ಪ. ನಿಕ್ಕರ್-ಟಿ 360 ಎಫ್/8. 360 ಲೆನ್ಸು, ಆದ್ರೆ ಸುಮಾರು 260 ಎಂಎಂ ಬೆಲ್ಲೋಸಲ್ಲೇ ಅನಂತ ಸಿಗತ್ತೆ. ಹಿಂದಿನ ಸೆಲ್ ಬದಲಾಯಿಸಿದ್ರೆ 500 ಎಫ್/11, ಇನ್ನೊಂದು ಹಾಕಿದ್ರೆ 720 ಎಫ್/16. ನಿಜವಾದ ಕನ್ವರ್ಟಿಬಲ್ ಅಂದ್ರೆ ಇದು, ಇಡೀ ಲೆನ್ಸೂ ಶಾರ್ಪು. ನಂದು 360+500 ಜೋಡಿ, 98 ಸಾವಿರ, ಮೂರು ಕಂತಲ್ಲಿ ಕೊಟ್ಟೆ, ಮೂರನೇ ಕಂತಿಗೆ ಡಿಜಿಟಲ್ ಬಾಡಿ ಮಾರಿದ್ದು, ಅದು ಬೇರೆ ಕತೆ.

ಲೆಕ್ಕದ_ಮೇಷ್ಟ್ರು:
ತಮ್ಮಯ್ಯ, ಬಜೆಟ್ 60 ಅಂದಿದಾರೆ. ಮತ್ತೆ ಟೆಲಿ ಮೇಲೆ ಟಿಲ್ಟ್ ಮಾಡಿ ನೋಡಿದೀರಾ? ನೋಡಲ್ ಪಾಯಿಂಟ್ (ಯಾವ ಬಿಂದುವಿನ ಸುತ್ತ ಲೆನ್ಸ್ ತಿರುಗಿಸಿದ್ರೆ ಚಿತ್ರ ಜಾರಲ್ವೋ ಅದು) ಲೆನ್ಸಿನ ಆಚೆ ಮುಂದಿರತ್ತೆ, ಮುಂದೆ ಒಂದು ಡಿಗ್ರಿ ಬಾಗಿಸಿದ್ರೆ ಚಿತ್ರವೇ ಗ್ರೌಂಡ್ ಗ್ಲಾಸಿಂದ ಜಾರಿ ಹೋಗತ್ತೆ, ಫೋಕಸ್ ಪುನಃ ಮೊದಲಿಂದ.

ಟೆಲಿ_ತಮ್ಮಯ್ಯ:
ಅಭ್ಯಾಸ ಆಗತ್ತೆ ಮೇಷ್ಟ್ರೇ. ಅದು ಕನ್ವರ್ಟಿಬಲ್ ಅಲ್ಲ ಅಂತ ಮಾತ್ರ ಹೇಳ್ಬೇಡಿ.

ಹಳೇಗಾಜು_ಮೈಸೂರು:
ಅಲ್ಲ. ಸೆಲ್ ದುಡ್ಡು ಕೊಟ್ಟು ತಂದು ಬದಲಾಯಿಸೋದು ಬೇರೆ, ಇರೋ ಲೆನ್ಸ್‌ನೇ ಅರ್ಧ ಮಾಡಿ ಬಳಸೋದು ಬೇರೆ.

ಟೆಲಿ_ತಮ್ಮಯ್ಯ:
ಅರ್ಧ ಲೆನ್ಸಲ್ಲಿ ಅರ್ಧ ಫೋಟೋ ಬರತ್ತೆ, ಸಂತೋಷ ಪಡಿ.

ಮಲ್ನಾಡ್_ನೆಗೆಟಿವ್:
ಎಲ್ಲರಿಗೂ ಥ್ಯಾಂಕ್ಸ್, ತಲೆ ಗಿರ್ ಅಂತಿದೆ. ಮೇಷ್ಟ್ರೇ, ಹಂಗಾದ್ರೆ ಧಾರವಾಡದ ಸರ್ ಹೇಳಿದ 300 ಎಫ್/9 ನಂಗೆ ಆಗತ್ತಾ? ನನ್ ಮನಸ್ಸಲ್ಲಿರೋದು ಬೇಲೂರಿನ ಮದನಿಕೆಗಳು, ಸೂರಿನ ಕೆಳಗೆ ಅಷ್ಟ್ ಎತ್ತರದಲ್ಲಿ ಇರ್ತಾವಲ್ಲ, 150ಲ್ಲಿ ಬೊಟ್ಟಿನಷ್ಟು ಬರ್ತಾವೆ.

ಲೆಕ್ಕದ_ಮೇಷ್ಟ್ರು:
ಆಗಲ್ಲ. 300 ಲೆನ್ಸನ್ನ 5 ಮೀಟರ್ ದೂರದ ಮದನಿಕೆಗೆ ಫೋಕಸ್ ಮಾಡೋಕೆ ಹತ್ತಿರ ಹತ್ತಿರ 320 ಎಂಎಂ ಬೇಕು. ನಿಮ್ಮ ಹತ್ರ 300. ಅದೇ 240 ಹಾಕಿದ್ರೆ ಅದೇ ಬೆಲ್ಲೋಸಲ್ಲಿ 1.2 ಮೀಟರ್ ತನಕ ಬರ್ಬೋದು. ಫುಜಿನಾನ್-ಎ 240 ಎಫ್/9 ನೋಡಿ, ಇಲ್ಲಾ ಜಿ-ಕ್ಲಾರಾನ್ 240, ಎರಡೂ ಹತ್ತಿರದ ಕೆಲಸಕ್ಕೇ ಹೆಸರುವಾಸಿ, 4×5ಗೆ ರೈಸ್ (ಲೆನ್ಸ್ ಮೇಲಕ್ಕೆ ಎತ್ತೋದು) ಬೇಕಾದಷ್ಟು ಸಿಗತ್ತೆ. ಮೊದಲು ಅದು ತಗೊಳ್ಳಿ. 150 ಅನ್ನ ಗೆಳೆಯನಿಗೆ ಒಂದಷ್ಟು ದಿನ ತಡವಾಗಿ ಕೊಡಿ.

ಬ್ರೋಮೈಡ್_ಧಾರವಾಡ:
300 ಆಗಂಗಿಲ್ಲ ಅಂತ ಕಡ್ಡಿ ಮುರಿದಂಗ ಹೇಳಿಬಿಟ್ರಿ. ಮುಂದ ಉಬ್ಬಿದ ಲೆನ್ಸ್ ಬೋರ್ಡ್ ಸಿಗ್ತದ, ಟಾಪ್ ಹ್ಯಾಟ್ ಬೋರ್ಡ್ ಅಂತಾರ, 40-50 ಎಂಎಂ ಮುಂದ ತರ್ತದ. ನಾನು ಅಲ್ಯೂಮಿನಿಯಂ ಡಬ್ಬಿಯಿಂದ ಮಾಡ್ಸೇನಿ, 1,400 ಬಿತ್ತು, ಒಳಗ ಕಪ್ಪು ಬಟ್ಟಿ ಅಂಟ್ಸಿದ್ದು 60.

ಕುಡ್ಲ_ಪ್ಲೇಟ್:
ಲೆನ್ಸ್ ಎಲ್ಲ ಆಯ್ತು, ಬೇಲೂರಲ್ಲಿ ಟ್ರೈಪಾಡ್ ಇಡ್ಲಿಕ್ಕೆ ಬಿಡ್ತಾರಾ? ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಜಾಗದಲ್ಲಿ ಸ್ಟ್ಯಾಂಡ್ ಇಡುವುದಕ್ಕೆ ಮೊದಲೇ ಅನುಮತಿ ತಗೊಳ್ಬೇಕು. 4×5 ಕೈಯಲ್ಲಿ ಹಿಡಿದು ಎಫ್/32ರಲ್ಲಿ ತೆಗೀಲಿಕ್ಕೆ ಆಗ್ತದಾ?

ಹಳೇಗಾಜು_ಮೈಸೂರು:
ಒಂದು ಗುಡೀಲಿ ಗಾರ್ಡ್ ನನ್ ಕ್ಯಾಮೆರಾ ನೋಡಿ ಸರ್ವೇ ಮಾಡೋರು ಅನ್ಕೊಂಡು ಕುರ್ಚಿ ತಂದುಕೊಟ್ರು. ಕಪ್ಪು ಬಟ್ಟೆ ಹೊದ್ಕೊಂಡ್ರೆ ಯಾರೂ ಏನೂ ಕೇಳಲ್ಲ.

ಬ್ರೋಮೈಡ್_ಧಾರವಾಡ:
ಇಂಥಾ ಮಾತು ಕೇಳಿ ಹೋಗಿ ಸಿಕ್ಕೊಂಡ್ರ ಅನುಮತಿ ಹಾಕಿ ಕಾಯ್ಕೋತ ಕೂತಾವ್ರಿಗೂ ಕಷ್ಟ. 1856ರಾಗ ಗ್ರೀನ್‌ಲಾ ಸಾಹೇಬ ಹಂಪಿ ತಗದಾಗ ಮೇಣದ ಕಾಗದದ ದೊಡ್ಡ ನೆಗೆಟಿವ್ ಇಟ್ಕೊಂಡು ಯಾರನ್ನೂ ಕೇಳಿರಲಿಕ್ಕಿಲ್ಲ, ಆ ಕಾಲ ಹೋತು. ತಮ್ಮಾ, ನೀ ಅರ್ಜಿ ಹಾಕ್ಕೊಂಡ ಹೋಗು, ಅಮೃತಪುರಕ್ಕೂ ಬೇಕು, ಅದೂ ಎಎಸ್‌ಐನ.

ಹಳೇಗಾಜು_ಮೈಸೂರು:
ನಾನೇನು ಕಳ್ಳತನ ಮಾಡಿ ಅಂದ್ನಾ? ಕುರ್ಚಿ ಕೊಟ್ರು ಅಂದೆ.

ನ್ಯೂಮೆಕ್ಸಿಕೋ_ಗೌಡ್ರು:
ಆ 28 ಸಾವಿರದ ಸಿಮ್ಮಾರ್ ಬೇಡ ಅಂದ್ರೆ ನಂಗೆ ಮೆಸೇಜ್ ಹಾಕಿ, ಡಿಸೆಂಬರಲ್ಲಿ ಊರಿಗೆ ಬರ್ತೀನಿ. ಹಸಿರು ಸ್ಕೇಲ್ ಇದ್ರೆ ಮಾತ್ರ.

ಬ್ರೋಮೈಡ್_ಧಾರವಾಡ:
ಈಗ ಗೊತ್ತಾತು ಆನ್ಸಲ್ ಆಡಮ್ಸ್ ಯಾಕ ಬಂದ್ರು ಅಂತ.